ಅತ್ತೆಯ ಜಗಲಿಯಲ್ಲಿ ನನ್ನ ಸರದಿ

ನಮ್ಮ ಮನೆಗೆ ಮದ್ದಿಗೆ ಬರುವವರು ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ, ನಂಬರ್ ಹೇಳುತ್ತಿದ್ದರು. "ಅಮ್ಮಾ, ಮಗೀಗೆ ಮೈ ಬಿಸಿ ಅದೆ, ನಾಲ್ಕು ಕೊಡಿ." "ಎಂಟು ಖಾಲಿಯಾಗ್ಬುಡ್ತು ಕಣಮ್ಮ, ಇನ್ನೊಂದ್ ಚೂರು ಹಾಕ್ಕೊಡಿ." ಮದುವೆಯಾಗಿ ಕುಂಬಾರಕೊಪ್ಪಲಿನ ಈ ಮನೆಗೆ ಬಂದ ಹೊಸದರಲ್ಲಿ ಇದೇನು ಮನೆಯೋ ಲಾಟರಿ ಅಂಗಡಿಯೋ ಎಂದು ನನಗೆ ಅನುಮಾನ ಬಂದಿತ್ತು.

ಮದ್ದು ಕೊಡುತ್ತಿದ್ದವರು ನನ್ನ ಅತ್ತೆ. ಅವರ ಹತ್ತಿರ ತೇಗದ ಒಂದು ಪೆಟ್ಟಿಗೆ, ಅದರೊಳಗೆ ಹನ್ನೆರಡು ಸೀಸೆ. ಹೋಮಿಯೋಪತಿ ಅಂಗಡಿಯಲ್ಲಿ ಬಯೋಕೆಮಿಕ್ ಎಂದು ಕೇಳಿದರೆ ಕೊಡುತ್ತಾರಲ್ಲ, ಹಾಲಿನ ಸಕ್ಕರೆಯಲ್ಲಿ ಒಂದಿಷ್ಟೇ ಇಷ್ಟು ಲವಣ ಅರೆದು ಮಾಡಿದ ಪುಟ್ಟ ಬಿಳಿ ಮಾತ್ರೆಗಳು, ಅವು. ಸುಣ್ಣದ ಲವಣ, ಕಬ್ಬಿಣದ್ದು, ಪೊಟ್ಯಾಶಿನದು, ಅಡುಗೆ ಉಪ್ಪು, ಮರಳು ಕೂಡ. ಲ್ಯಾಟಿನ್ ಹೆಸರು ಅತ್ತೆಯ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಒಂದರಿಂದ ಹನ್ನೆರಡರವರೆಗೆ ಚೀಟಿ ಅಂಟಿಸಿದ್ದರು. ಜ್ವರ ಹತ್ತುತ್ತಿದ್ದರೆ ನಾಲ್ಕು. ಹೊಟ್ಟೆ ಹಿಂಡಿದರೆ, ಮುಟ್ಟಿನ ನೋವಿಗೆ, ಎಂಟನ್ನು ಬಿಸಿನೀರಲ್ಲಿ ಕದಡಿ ಗುಟುಕು ಗುಟುಕಾಗಿ. ಮಗುವಿಗೆ ಹಲ್ಲು ಬರುವಾಗ ಎರಡು. ಪರೀಕ್ಷೆ ಹತ್ತಿರ ಬಂದರೆ ಬೀದಿಯ ಅರ್ಧ ಮಕ್ಕಳು ಆರು ಚಪ್ಪರಿಸುತ್ತಿದ್ದರು. ಹನ್ನೆರಡು ಅಂದರೆ ಮರಳಿನದು: ಮುಳ್ಳು, ಗಾಜಿನ ಚೂರು, ಒಳಗೆ ಕೂತ ಕೀವು ಏನೇ ಇರಲಿ ಹೊರಗೆ ದಬ್ಬುತ್ತದೆ ಎಂದು ಅತ್ತೆಯ ನಂಬಿಕೆ.

ಸಂಜೆ ಐದೂವರೆಗೆ ದೀಪ ಹಚ್ಚಿ ಅತ್ತೆ ಜಗಲಿಗೆ ಬಂದು ಕೂರುತ್ತಿದ್ದರು. ಎದುರಿಗೆ ಒಂದು ಬೆಂಚು. ಮಾತ್ರೆಯನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ. ಸೀಸೆಯ ಮುಚ್ಚಳಕ್ಕೆ ಉದುರಿಸಿ, ಮುಚ್ಚಳದಿಂದ ನೇರ ನಾಲಿಗೆಗೆ. ಹಿಂದೆ ಅರ್ಧ ಗಂಟೆ ಮುಂದೆ ಅರ್ಧ ಗಂಟೆ ಕಾಫಿ ಕುಡಿಯುವ ಹಾಗಿಲ್ಲ. ಮೈಸೂರಿನವರಿಗೆ ಈ ಎರಡನೇದು ಕಷ್ಟ. ಒಂಟಿಕೊಪ್ಪಲಿನಿಂದ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಸಂಜೆ ಕಾಫಿ ಬಿಡುವುದಾದರೆ ಮಂಡಿನೋವೇ ಇರಲಿ ಬಿಡಿ ಎಂದು ಎದ್ದು ಹೋಗಿದ್ದರು.

ದುಡ್ಡು ಮುಟ್ಟುತ್ತಿರಲಿಲ್ಲ. ಬದಲಿಗೆ ಚೆನ್ನಾಗಿ ಬೈಯುತ್ತಿದ್ದರು. ಮೆಣಸಿನಕಾಯಿ ಬೋಂಡಾ ತಿಂದು ಹೊಟ್ಟೆ ಉರಿ ಎಂದು ಬಂದವನಿಗೆ ಮೊದಲು ಬೈಗುಳ, ಆಮೇಲೆ ಹತ್ತನೇ ನಂಬರ್. ಕೂಸಿಗೆ ಟೋಪಿ ಹಾಕದೆ ತಂದ ತಾಯಿಗೆ ಬೈಗುಳ, ಆ ತಾಯಿಗೆ ಹೇಳಿಕೊಡದ ಅವಳ ಅತ್ತೆಗೂ ಬೈಗುಳ. ಬೈಸಿಕೊಂಡವರು ಮುಖ ಅರಳಿಸಿಕೊಂಡು ಹೋಗುತ್ತಿದ್ದರು.

ನನಗೂ ಬಾಯಿ ಕಡಿಮೆಯಿಲ್ಲ. ನಾನು ಪಿಯು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಪಿಪೆಟ್ಟನ್ನು ಪೆನ್ನಿನ ಹಾಗೆ ಜೇಬಿಗೆ ಸಿಕ್ಕಿಸಿಕೊಳ್ಳುವ ಹುಡುಗರನ್ನು ಗದರಿ ಗದರಿ ನನ್ನ ಗಂಟಲಿಗೆ ಒಂದು ಹದ ಬಂದಿದೆ. ಗ್ಯಾಸಿನವನು, ತರಕಾರಿಯವನು, ನಮ್ಮ ಯಜಮಾನರು, ಯಾರಿಗೂ ರಿಯಾಯಿತಿ ಇಲ್ಲ. ಅತ್ತೆಯ ಎದುರು ಮಾತ್ರ ಬಾಯಿ ಕಟ್ಟುತ್ತಿತ್ತು. ಹೆದರಿಕೆ ಅಂತಲ್ಲ. ತವರಿನಲ್ಲಿ ಹಾಗೆ ಕಲಿಸಿ ಕಳಿಸಿದ್ದರು, ನಾನೂ ಹಾಗೇ ಇದ್ದುಬಿಟ್ಟೆ. "ಆಯ್ತು ಅತ್ತೆ" ಎಂಬ ಎರಡು ಮಾತಿನಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ನಡೆಸಿದ್ದೇನೆ.

ಒಂದೇ ಒಂದು ಸಲ, ಮದುವೆಯಾದ ವರ್ಷ, ಸ್ವಲ್ಪ ವಿಜ್ಞಾನ ತೋರಿಸಲು ಹೋಗಿದ್ದೆ. ಬೆಳಿಗ್ಗೆ ಕಾಲೇಜಿನಲ್ಲಿ ಸೋಡಿಯಂ ಸಲ್ಫೇಟಿನ ಜಾಡಿ ಒರೆಸಿ, ಸಂಜೆ ಮನೆಗೆ ಬಂದರೆ ಅದೇ ಲವಣ ಹನ್ನೊಂದನೇ ನಂಬರಾಗಿ ಕೂತಿರುತ್ತಿತ್ತು. ಆದರೆ ಎಷ್ಟು? ಸೀಸೆಯ ಮೇಲೆ ಆರು ಎಕ್ಸ್ ಎಂದು ಬರೆದಿರುತ್ತದೆ. ಹತ್ತು ಪಾಲಿನಲ್ಲಿ ಒಂದು ಪಾಲು, ಹಾಗೆ ಆರು ಸಲ. ಹತ್ತು ಲಕ್ಷದಲ್ಲಿ ಒಂದು. ಅಡುಗೆಮನೆಯ ಕಟ್ಟೆಯ ಮೇಲೆ ಆರು ಗಾಜಿನ ಲೋಟ ಸಾಲಾಗಿಟ್ಟು, ಮೊದಲನೇದಕ್ಕೆ ಪೊಟ್ಯಾಶಿಯಂ ಪರ್ಮಾಂಗನೇಟಿನ ನಾಲ್ಕು ಹರಳು ಹಾಕಿ ಕದಡಿದೆ. ಬದನೆಕಾಯಿ ಬಣ್ಣ. ಅದರಿಂದ ಒಂದು ಚಮಚ ಎರಡನೇದಕ್ಕೆ, ಮೇಲೆ ಒಂಬತ್ತು ಚಮಚ ನೀರು. ಹೀಗೆ ಆರನೇ ಲೋಟಕ್ಕೆ ಬರುವಷ್ಟರಲ್ಲಿ ನಲ್ಲಿ ನೀರಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ಆರನೇ ಲೋಟ ನೋಡಿದರು. "ನಿಂಗೆ ಕಾಣಲ್ಲ ಅಂತ ಅದು ಇಲ್ಲ ಅಂದ್ಬುಟ್ರೆ ಎಂಗೆ ಕಣಮ್ಮ?" ಎಂದರು. "ಲೋಟ ಚೆನ್ನಾಗಿ ತಿಕ್ಕು, ಕಲೆ ಉಳೀತದೆ" ಎಂದು ಹೇಳಿ ಅವರು ಹೊರಗೆ ಹೋದರು.

ಆ ಮೇಲೆ ನಾನು ವಾದಕ್ಕೆ ಹೋಗಲಿಲ್ಲ. ಸೋತೆ ಅಂತಲ್ಲ. ಅದೇ ವರ್ಷ ತಿಂಗಳ ನೋವಿಗೆ ನಾನು ಮಡಚಿಕೊಂಡು ಬಿದ್ದಿದ್ದ ಮಧ್ಯಾಹ್ನ ಅತ್ತೆ ಎಂಟನೇ ನಂಬರನ್ನು ಬಿಸಿನೀರಲ್ಲಿ ಕದಡಿ ತಂದು, ನಾನು ಗುಟುಕರಿಸುವಷ್ಟು ಹೊತ್ತೂ ಸೊಂಟದ ಮೇಲೆ ಕೈಯಿಟ್ಟು ಕೂತಿದ್ದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಬಿಸಿನೀರಿನಿಂದಲೋ, ಕೈಯಿಂದಲೋ, ಮಾತ್ರೆಯಿಂದಲೋ ಎಂದು ತಿಳಿಯುವುದು ನನಗೆ ಬೇಕಿರಲಿಲ್ಲ. ನನ್ನ ಸ್ವಂತ ಅಮ್ಮ ಕೂಡ ಅಷ್ಟು ಹೊತ್ತು ಹಾಗೆ ಕೂತಿದ್ದು ನೆನಪಿಲ್ಲ.

ಅತ್ತೆಗೆ ಇದನ್ನೆಲ್ಲ ಕಲಿಸಿದವರು ಹಿಂದೆ ಅವರಿದ್ದ ವಠಾರದ ಒಬ್ಬ ಕ್ರೈಸ್ತ ನರ್ಸಮ್ಮ. ಹಳ್ಳಿಯಿಂದ ಹೊಸದಾಗಿ ಊರಿಗೆ ಬಂದಿದ್ದ ಅತ್ತೆಯ ಕೈಯಲ್ಲಿ ಮೈತುಂಬ ಕುರುವಾದ ಕೂಸು, ಅಂದರೆ ಈಗಿನ ನಮ್ಮ ಯಜಮಾನರು. ನರ್ಸಮ್ಮ ಆಸ್ಪತ್ರೆಯ ಕೆಲಸ ಮುಗಿಸಿ ಬಂದು, ಕೂಸಿನ ಮೈ ತೊಳೆಸಿ, ಡಾಕ್ಟರ ಮದ್ದೂ ಹಾಕಿಸಿ, ಜೊತೆಗೆ ಈ ಮಾತ್ರೆಯನ್ನೂ ಕೊಟ್ಟರಂತೆ. ಸಾಯುವ ಮುಂಚೆ ಪೆಟ್ಟಿಗೆಯನ್ನು ಅತ್ತೆಗೆ ಕೊಟ್ಟು, ಒಂದು ಮಾತನ್ನು ಪ್ರಾರ್ಥನೆಯ ಹಾಗೆ ಮೂರು ಸಲ ಹೇಳಿಸಿದ್ದರಂತೆ: ಮೂರು ದಿನ, ಆಮೇಲೆ ಡಾಕ್ಟರು. ಅತ್ತೆ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಎದೆನೋವು ಎಂದು ಬಂದವರಿಗೆ ಪೆಟ್ಟಿಗೆಯನ್ನೇ ತೆರೆಯುತ್ತಿರಲಿಲ್ಲ. ಇನ್ನೊಂದು ಕಟ್ಟುಪಾಡು ಅವರೇ ಸೇರಿಸಿಕೊಂಡಿದ್ದರು: ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಒಂದು ದಿನದ ಮದ್ದೂ ಇಲ್ಲ.

ನಮ್ಮ ಬೀದಿಯ ಆಟೋದವನೊಬ್ಬ ಹೊಸ ಚಪ್ಪಲಿ ಕಚ್ಚಿ ಬೊಬ್ಬೆ ಬಂದಿದೆ ಎಂದು ಒಂದು ಸಂಜೆ ಬಂದಿದ್ದ. ಅತ್ತೆ ಕೇಳಿದರು, "ಸಕ್ಕರೆ ಅದಾ?" ಇದೆ ಎಂದ. ಪೆಟ್ಟಿಗೆಯ ಮುಚ್ಚಳ ಮುಚ್ಚಿತು. "ನಿನ್ ಕಾಲಿಗೆ ನನ್ ತಾವ ಮದ್ದಿಲ್ಲ ಕಣೋ. ಈಗ್ಲೇ ಆಸ್ಪತ್ರೆಗೆ ಓಗು." ನಾಳೆ ಹೋಗ್ತೀನಿ ಅಮ್ಮ ಎಂದು ಅವನು ತಲೆ ಕೆರೆದುಕೊಂಡ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವನ ಆಟೋದ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. "ನಡಿ. ನಿನ್ನ ಒಳೀಕ್ ಕಳಿಸ್ದೇ ನಾನ್ ಇಳಿಯಲ್ಲ." ದಾರಿಯುದ್ದಕ್ಕೂ ಬೈದರಂತೆ. ಅವನ ಕಾಲು ಉಳಿಯಿತು. ಸ್ವತಃ ಡಾಕ್ಟರೇ, ಇಷ್ಟು ಬೇಗ ಯಾರು ಕಳಿಸಿದರು ಎಂದು ಕೇಳಿದರಂತೆ.

ಅತ್ತೆಗೂ ಸಕ್ಕರೆ ಇತ್ತು. ಆದರೆ ಅದಕ್ಕೆ ಅವರು ಸಕ್ಕರೆ ಎನ್ನುತ್ತಿರಲಿಲ್ಲ. "ನಂದು ಬಾರ್ಡರಲ್ಲದೆ" ಎನ್ನುತ್ತಿದ್ದರು. ಹನ್ನೆರಡು ವರ್ಷದಿಂದ ಬಾರ್ಡರಲ್ಲೇ ಇತ್ತು. ಬೆಳಿಗ್ಗೆ ಒಂದು ಮಾತ್ರೆ ನುಂಗಿ, ಆಗಾಗ ಮೈಸೂರ್ ಪಾಕು ಮುರಿದುಕೊಂಡು, ಗಡಿ ಕಾಯುತ್ತಿದ್ದರು.

ಮೊನ್ನೆಯ ಆಷಾಢದ ಮೊದಲ ಶುಕ್ರವಾರ ಬರಿಗಾಲಲ್ಲಿ ಬೆಟ್ಟದ ಮೆಟ್ಟಿಲು ಹತ್ತಿದರು. ವರ್ಷವೂ ಹತ್ತುತ್ತಿದ್ದರು, ಅರವತ್ತಾರಕ್ಕೆ ಬಿಡುವುದೆಂದರೆ ಅವಮಾನ. ಆ ಸಂಜೆ ನಮ್ಮ ಮನೆಯ ಕೆಂಪು ನೆಲದ ಮೇಲೆ, ನಾನು ಆಗಷ್ಟೇ ಒರೆಸಿದ್ದ ಜಾಗದಲ್ಲಿ, ಹೆಜ್ಜೆಗೊಂದು ಕಪ್ಪು ಚುಕ್ಕೆ ಬಿದ್ದಿತ್ತು. ಎಡಗಾಲಿನ ಎರಡನೇ ಬೆರಳಿನ ಕೆಳಗೆ ಸೀಳಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ, ನಾನು ತೋರಿಸಿದ ಮೇಲೆ ಕಾಲು ಮಡಚಿ ನೋಡಿಕೊಂಡರು.

"ಕಲ್ ಚೂರು ಒಕ್ಕೊಂಡದೆ. ಅನ್ನೆರಡು ತಗೊಂಡ್ರೆ ತಾನೇ ಈಚೀಗ್ ಬತ್ತದೆ."

ಆಟೋದವನ ನೆನಪು ನನಗೆ ಬಂತು. ಖಂಡಿತ ಬಂತು. ನಾನು ಹೇಳಿದ್ದು: "ಆಯ್ತು ಅತ್ತೆ."

ಅಷ್ಟೇ ಅಲ್ಲ, ಹನ್ನೆರಡು ಖಾಲಿಯಾದಾಗ ಸಂತೇಪೇಟೆ ಕಡೆ ಹೋಗಿ ಹೊಸ ಸೀಸೆ ತಂದುಕೊಟ್ಟವಳೂ ನಾನೇ. ಎರಡು ಗಂಟೆಗೊಮ್ಮೆ ನಾಲ್ಕು ಮಾತ್ರೆಯಂತೆ ಚಪ್ಪರಿಸುತ್ತಿದ್ದರು. ಎಂಟನೇ ದಿನ ಗಾಯದಿಂದ ಕೀವು ಬಂತು. ಬೇರೆ ಮನೆಯಲ್ಲಾಗಿದ್ದರೆ ಕೀವು ನೋಡಿ ಹೆದರುತ್ತಿದ್ದರು. ನಮ್ಮ ಮನೆಯಲ್ಲಿ ಸಂತೋಷಪಟ್ಟರು. ಹನ್ನೆರಡರ ಕೆಲಸವೇ ಅದಲ್ಲವೇ, ಒಳಗಿನದನ್ನು ಹೊರಗೆ ದಬ್ಬುವುದು? "ನೋಡು, ಮದ್ದು ಹಿಡೀತು" ಎಂದು ಅತ್ತೆ ಬಟ್ಟೆ ಬಿಚ್ಚಿ ತೋರಿಸಿದರು. ಯಜಮಾನರು ತಲೆಯಾಡಿಸಿದರು. ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೂ ಒಂದು ಗಳಿಗೆ ಹೌದೆನ್ನಿಸಿತು. ನೋವಿದೆಯಾ ಎಂದು ಕೇಳಿದರೆ ಒಂಚೂರೂ ಇಲ್ಲ ಎನ್ನುತ್ತಿದ್ದರು. ನೋವಿಲ್ಲದ್ದನ್ನು ನಾವು ಮೂವರೂ ಗುಣವೆಂದು ಎಣಿಸಿದೆವು. ಕಾಲಿಗೆ ಸ್ಪರ್ಶವೇ ಸತ್ತಿದೆ ಎಂದು ಎಣಿಸುವಷ್ಟು ಬುದ್ಧಿ ಯಾರಿಗೂ ಬರಲಿಲ್ಲ. ಕೀವು ಬಂದ ಮೇಲೆ ಒಣಗಿಸಲು ಮೂರನೇ ನಂಬರ್ ಶುರುವಾಯಿತು.

ಹದಿನಾರನೇ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನಾನು ಸಾರಿಗೆ ಬೇಳೆ ತೊಳೆಯುತ್ತಿದ್ದೆ. ಹೊಸ್ತಿಲ ಪಕ್ಕದಿಂದ ಇರುವೆ ಸಾಲು ಹೊರಟಿತ್ತು. ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಲ್ಲೇ ಹಿಂಬಾಲಿಸಿದೆ. ಅತ್ತೆಯ ಹಿಮ್ಮಡಿ ದಾಟಿ, ಪಾದದ ಅಂಚು ಹಿಡಿದು, ಬೆರಳಿಗೆ ಸುತ್ತಿದ ಬಟ್ಟೆಯೊಳಗೆ ಒಂದೊಂದಾಗಿ ನುಗ್ಗುತ್ತಿದ್ದವು. ಕೆಂಪಿರುವೆ. ಕಚ್ಚಿದರೆ ನಾವು ಕುಣಿದಾಡುವಂಥವು. ಅತ್ತೆ ಸೊಪ್ಪು ಬಿಡಿಸುತ್ತಾ, ಈ ಸಲ ದಂಟು ಬಲಿತಿದೆ ಎಂದು ಏನೋ ಹೇಳುತ್ತಿದ್ದರು.

ನಾನು ಓಡಿಹೋಗಿ ಬಟ್ಟೆ ಬಿಚ್ಚಿ, ಇರುವೆ ಕೊಡವಿ, ಬೆರಳು ನೋಡಿದೆ. ತುದಿ ಕಪ್ಪಗಾಗಿತ್ತು. "ಅತ್ತೆ, ಈಗಲೇ ಆಸ್ಪತ್ರೆಗೆ ಹೋಗೋಣ, ದಯವಿಟ್ಟು" ಎಂದೆ.

"ಒಣಗ್ತಾ ಅದೆ ಕಣಮ್ಮ, ಒಣಗಿದ್ದು ಕಪ್ಪಗಾಗದೆ ಬೆಳ್ಳಗಾಗ್ತದಾ?"

ನಾನೇ ಹೋಗಿ ಆಟೋ ಕರೆತಂದೆ. ನಮ್ಮ ಬೀದಿಯವನಲ್ಲ, ದಾರಿಯಲ್ಲಿ ಸಿಕ್ಕವನು. ಅತ್ತೆ ಒಳಗಿನಿಂದಲೇ, "ಯಾರೂ ಬರಲ್ಲ, ಓಗಪ್ಪ ನೀನು" ಎಂದು ಕಳಿಸಿಬಿಟ್ಟರು. ಯಜಮಾನರು ಕಾರ್ಖಾನೆಗೆ ಹೊರಟು ನಿಂತಿದ್ದರು. "ಅಮ್ಮಂಗೆ ಗೊತ್ತಿರುತ್ತೆ ಬುಡು, ಊರಿಗೇ ಮದ್ದು ಕೊಡೋರು" ಎಂದರು. ಅವರಿಗೆ ಅಂದು ನನ್ನಿಂದ ಏನು ಸಿಗಬೇಕೋ ಅದು ಸಿಕ್ಕಿತು, ಟಿಫನ್ ಡಬ್ಬಿ ಬಿಟ್ಟು ಹೋದರು. ಆದರೆ ಅತ್ತೆ ಅಲ್ಲಾಡಲಿಲ್ಲ.

ಲ್ಯಾಬಿನಲ್ಲಿ ಅಂದು ನಾನು ಯಾರಿಗೂ ಬೈಯಲಿಲ್ಲ. ಬ್ಯೂರೆಟ್ ಒಡೆದ ಹುಡುಗಿ, ಮೇಡಂಗೆ ಹುಷಾರಿಲ್ಲವೇನೋ ಎಂದು ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದಳು. ನನ್ನ ತಲೆಯಲ್ಲಿ ಒಂದೇ ಲೆಕ್ಕ. ಸೊಸೆಯ ಮಾತು ಅವರು ಕೇಳುವುದಿಲ್ಲ. ಮಗ ಹೇಳುವುದಿಲ್ಲ. ನರ್ಸಮ್ಮ ಬದುಕಿಲ್ಲ. ಹಾಗಾದರೆ ಅವರು ಯಾರ ಮಾತು ಕೇಳುತ್ತಾರೆ? ಜಗಲಿಯ ಮೇಲೆ ಕೂತಾಗ ತಮ್ಮ ಬಾಯಿಂದಲೇ ಬರುವ ಮಾತನ್ನು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಏನು ಮಾಡಬೇಕೆಂದು ನಿಶ್ಚಯಿಸಿದೆ. ಅತ್ತೆ ಆಮೇಲೆ ಜನ್ಮದಲ್ಲಿ ನನ್ನ ಜೊತೆ ಮಾತಾಡದಿದ್ದರೂ ಸರಿ, ಇವತ್ತು ಸೂರ್ಯ ಮುಳುಗುವುದರೊಳಗೆ ಅವರು ಡಾಕ್ಟರ ಮುಂದೆ ಕೂತಿರಬೇಕು.

ಸಂಜೆ ಐದೂಮುಕ್ಕಾಲಿಗೆ ಮನೆಗೆ ಬಂದೆ. ಒಳಗೆ ಹೋಗಲಿಲ್ಲ. ಚಪ್ಪಲಿಯನ್ನು ಬೇರೆಯವರ ಚಪ್ಪಲಿಯ ಪಕ್ಕ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತೆ. ನನ್ನ ಮುಂದೆ ಇಬ್ಬರಿದ್ದರು: ಕೂಸಿನ ತಾಯಿಯೊಬ್ಬಳು, ಮತ್ತು ಹೆಂಡತಿಯ ನೆಗಡಿಗೆ ಐದನೇ ನಂಬರ್ ಒಯ್ಯಲು ಬಂದ ನಮ್ಮ ಆಟೋದವನು.

"ಇದೇನಮ್ಮ ನಾಟಕ? ಒಳೀಕ್ ಓಗಿ ಕಾಫಿ ಇಡು" ಎಂದರು ಅತ್ತೆ.

"ನನ್ನ ಸರದಿ ಬರಲಿ ಅತ್ತೆ. ಮದ್ದಿಗೆ ಬಂದಿದ್ದೀನಿ."

ಎಲ್ಲರೂ ನಕ್ಕರು. ಕೂಸಿಗೆ ಎರಡನೇ ನಂಬರ್ ಸಿಕ್ಕಿತು, ಜೊತೆಗೆ ತಾಯಿಗೆ ಬೈಗುಳ. ಆಟೋದವನಿಗೆ ಐದು ಕಟ್ಟಿಕೊಟ್ಟರು. ಅವನು ಏಳದೆ, ಏನಾಗುತ್ತದೆ ನೋಡೋಣ ಎಂದು ಅಲ್ಲೇ ಕೂತ. ಎದುರು ಮನೆಯ ಇಬ್ಬರು ಹೆಂಗಸರು ತಮ್ಮ ಗೇಟಿಗೆ ಒರಗಿ ನಿಂತರು. ನಾನು ಮುಂದಕ್ಕೆ ಸರಿದೆ.

"ರೋಗಿ ನಾನಲ್ಲ. ನಮ್ಮ ಮನೆಯ ಹಿರಿಯರೊಬ್ಬರು" ಎಂದೆ. "ಹೆಂಗಸು. ಅರವತ್ತಾರು ವರ್ಷ. ಎಡಗಾಲಿನ ಎರಡನೇ ಬೆರಳಿನ ಕೆಳಗೆ ಗಾಯ."

ಅತ್ತೆಯ ಕೈ ಪೆಟ್ಟಿಗೆಯ ಮೇಲೆ ನಿಂತುಬಿಟ್ಟಿತು. ಮುಖ ಕೆಂಪಾಯಿತು. ಎದ್ದು ಒಳಗೆ ಹೋಗಬಹುದಿತ್ತು, ನನಗೆ ಅದೇ ಹೆದರಿಕೆ. ಆದರೆ ಎದುರಿಗೆ ಬೀದಿಯ ಜನ ಕೂತಿತ್ತು, ಬೆಂಚಿನ ಮೇಲೆ ಕೂತವರನ್ನು ವಿಚಾರಿಸದೆ ಅವರು ಎಂದೂ ಎದ್ದವರಲ್ಲ.

"ಕೀವಿದೆ. ವಾಸನೆ ಇದೆ. ಬೆರಳ ತುದಿ ಕಪ್ಪಗಾಗಿದೆ. ಇವತ್ತು ಬೆಳಿಗ್ಗೆ ಗಾಯದೊಳಗೆ ಕೆಂಪಿರುವೆ ಹೋದರೂ ಅವರಿಗೆ ಗೊತ್ತಾಗಲಿಲ್ಲ." ನನ್ನ ದನಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಮುಂದುವರಿಸಿದೆ. "ಏನು ಮದ್ದು ಕೊಡ್ತೀರಿ ಅತ್ತೆ?"

ಯಾರೂ ನಗುತ್ತಿರಲಿಲ್ಲ. ಅತ್ತೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದರು. "ಎಷ್ಟ್ ದಿನ ಆಯ್ತು?"

"ಹದಿನಾರು."

"ಸಕ್ಕರೆ ಅದಾ?"

"ಇದೆ ಅತ್ತೆ. ಹನ್ನೆರಡು ವರ್ಷದಿಂದ."

ಈ ಸಲ ಬಾರ್ಡರ್ ಎಂಬ ಮಾತು ಬರಲಿಲ್ಲ. ಆಟೋದವನು ಎದ್ದು ನಿಂತ. "ಅಮ್ಮ, ನಂದು ಎರಡೇ ದಿನ ಆಗಿತ್ತು. ಎಂಗ್ ಬೈದಿದ್ರಿ ಗೊತ್ತಾ?" ಎಂದ. ಬೇರೇನೂ ಹೇಳದೆ ಹೋಗಿ ಆಟೋ ತಿರುಗಿಸಿ ಬಾಗಿಲಿಗೆ ತಂದು ನಿಲ್ಲಿಸಿದ.

ಅತ್ತೆ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. "ಇದಕ್ಕೆ ನನ್ ತಾವ ಮದ್ದಿಲ್ಲ" ಎಂದರು, ನನ್ನನ್ನಲ್ಲ, ಮುಚ್ಚಳವನ್ನು ನೋಡುತ್ತಾ. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಆಸ್ಪತ್ರೆಗೆ ಹಳೇ ಸೀರೆಯಲ್ಲಿ ಹೋಗುವ ಪೈಕಿ ಅಲ್ಲ ಅವರು. ನಾನು ಚಾಚಿದ ಕೈ ಹಿಡಿಯದೆ ತಾವೇ ಹತ್ತಿ ಕೂತರು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಗಾಯ ನೋಡಿದ ಮೇಲೆ, ಅತ್ತೆಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ನೈಲಾನಿನ ತೆಳುವಾದ ಎಳೆಯೊಂದನ್ನು ಪಾದಕ್ಕೆ ಒತ್ತತೊಡಗಿದರು. ಮುಟ್ಟಿದ್ದು ಗೊತ್ತಾದಾಗೆಲ್ಲ ಹೇಳಿ ಅಮ್ಮ ಎಂದಿದ್ದರು. ಹೆಬ್ಬೆರಳಿಗೆ ಒತ್ತಿದರು, ಅಂಗಾಲಿಗೆ, ಹಿಮ್ಮಡಿಗೆ, ಮತ್ತೆ ಬೆರಳಿಗೆ. ಹತ್ತು ಕಡೆಯಾದರೂ ಒತ್ತಿರಬೇಕು. ಅತ್ತೆ ಕಣ್ಣು ಮುಚ್ಚಿ, ಪಾಠ ಒಪ್ಪಿಸಲು ಕೂತ ಮಗುವಿನ ಹಾಗೆ ಕಾಯುತ್ತಲೇ ಇದ್ದರು. ಕೊನೆಗೆ ಬೇಸರವಾಗಿ, "ಯಾವಾಗ್ ಶುರು ಮಾಡ್ತೀಯವ್ವ?" ಎಂದರು.

ಡಾಕ್ಟರು ಎಳೆಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಸೋಂಕು ಮೂಳೆಗೆ ತಗುಲಿತ್ತು. ಬೆರಳು ಹೋಗಲೇಬೇಕು, ಪಾದ ಉಳಿಸಿಕೊಳ್ಳಬಹುದು ಎಂದರು. ಇನ್ನೊಂದು ವಾರವಾಗಿದ್ದರೆ ಪಾದ ಉಳಿಸುವ ಮಾತೂ ಆಡುತ್ತಿರಲಿಲ್ಲವಂತೆ. ಇಷ್ಟು ದಿನ ಏನು ಹಚ್ಚಿದಿರಿ, ಏನು ತಗೊಂಡಿರಿ ಎಂದು ಕೇಳಿದಾಗ ನಾನು ಹೊರಡುವಾಗ ಕೈಚೀಲಕ್ಕೆ ಹಾಕಿಕೊಂಡಿದ್ದ ಹನ್ನೆರಡನೇ ಸೀಸೆ ತೆಗೆದು ಕೊಟ್ಟೆ. ಡಾಕ್ಟರು ಚೀಟಿ ಓದಿದರು. ನಾನು ಕಾಯುತ್ತಿದ್ದ ಸಿಟ್ಟು ಬರಲಿಲ್ಲ. "ಇದು ನಿಮಗೆ ಕೆಟ್ಟದ್ದೇನೂ ಮಾಡಿಲ್ಲ ಅಮ್ಮ. ಏನೂ ಮಾಡಿಲ್ಲ. ಹದಿನಾರು ದಿನ ತಿಂದುಹಾಕಿದೆ, ಅಷ್ಟೆ" ಎಂದು ಮೆತ್ತಗೆ ಹೇಳಿದರು. ಅತ್ತೆ ಸೀಸೆ ವಾಪಸು ಕೇಳಲಿಲ್ಲ, ನಾನೇ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ.

ಬೆರಳು ತೆಗೆದ ದಿನ ಯಜಮಾನರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತರು. ಅಮ್ಮಂಗೆ ಗೊತ್ತಿರುತ್ತೆ ಅಂದ್ಕೊಂಡೆ ಎಂದು ಅದನ್ನೇ ಹತ್ತು ಸಲ ಹೇಳಿದರು. ಬೈಯಲು ಬಾಯಿಗೆ ಬಂದಿತ್ತು. ಹದಿನಾರು ದಿನ ನಾನೇನು ಮಾಡುತ್ತಿದ್ದೆ ಎಂದು ಕೇಳಿಕೊಂಡು ಸುಮ್ಮನಾದೆ.

ಮನೆಗೆ ಬಂದ ಮೇಲೆ ಡ್ರೆಸ್ಸಿಂಗ್ ನನ್ನ ಪಾಲಿಗೆ ಬಂತು. ಆಸ್ಪತ್ರೆಯ ಸಿಸ್ಟರು ಎರಡು ದಿನ ನನ್ನ ಕೈಯಲ್ಲೇ ಮಾಡಿಸಿ ಕಲಿಸಿದ್ದರು. ದಿನಾ ಬೆಳಿಗ್ಗೆ ಆರೂವರೆಗೆ ಸಲೈನಿನಲ್ಲಿ ಗಾಯ ತೊಳೆದು, ಗಾಜ್ ಬಟ್ಟೆ ಇಟ್ಟು, ಬ್ಯಾಂಡೇಜು ಸುತ್ತಿ, ಇನ್ಸುಲಿನ್ ಕೊಟ್ಟು, ಆಮೇಲೆ ತಿಂಡಿ. ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಹಟ ಹಿಡಿದೆ. ಕಾಲೇಜಿಗೆ ತಡವಾದರೆ ಆಗಲಿ.

ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ನೀರು, ಸಾಕು, ಫ್ಯಾನ್ ಹಾಕು, ಇಷ್ಟೇ. ಮಿಕ್ಕದ್ದೆಲ್ಲ ಮಗನ ಮೂಲಕ. ಹಾಗೆಯೇ ಮೂರನೇ ದಿನ ಮಗನ ಮೂಲಕ ಒಂದು ಅಪ್ಪಣೆ ಬಂತು: ಮೂರು, ಹನ್ನೆರಡು ಎರಡೂ ಸೀಸೆ ಖಾಲಿ ಮಾಡಬೇಕು, ಗಾಯಕ್ಕೂ ಕೀವಿಗೂ ಈ ಮನೆಯಲ್ಲಿ ಇನ್ನು ಮದ್ದಿಲ್ಲ, ಎಂಟಂತೂ ಹೆಣ್ಣುಮಕ್ಕಳಿಗೆ ಇರಲಿ. ಸಿಂಕಿನಲ್ಲಿ ಸುರಿದು ನಲ್ಲಿ ಬಿಟ್ಟೆ, ಒಂದು ನಿಮಿಷದಲ್ಲಿ ಕರಗಿಹೋದವು. ಸಂಜೆ ಬಂದವರಿಗೆಲ್ಲ ಅಮ್ಮ ಮಲಗಿದ್ದಾರೆ, ಕಾಯಿಲೆಯಿದ್ದರೆ ಡಾಕ್ಟರ ಹತ್ತಿರ ಹೋಗಿ ಎಂದು ಬಾಗಿಲಲ್ಲೇ ಹೇಳಿ ಕಳಿಸಿದೆ. ಕೆಲವರಿಗೆ ನನ್ನ ಮೇಲೆ ಸಿಟ್ಟು ಬಂತು. ಬೀದಿಯ ಮುಂದೆ ಅತ್ತೆಯ ಮರ್ಯಾದೆ ಕಳೆದವಳು ಎಂದು ಎದುರು ಮನೆಯವರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಸುಳ್ಳೇನಲ್ಲ, ಕಳೆದಿದ್ದೆ. ಮತ್ತೆ ಅಂಥ ದಿನ ಬಂದರೆ ಮತ್ತೆ ಕಳೆಯುತ್ತೇನೆ ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟು ಕೆಲಸ ನೋಡಿಕೊಂಡೆ. ಆದರೆ ದಿನಾ ಬೆಳಿಗ್ಗೆ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿರುವುದನ್ನು ಸಹಿಸುವುದು ಸುಲಭವಿರಲಿಲ್ಲ.

ಒಂಬತ್ತನೇ ದಿನ ಗಾಜ್ ತೆಗೆಯುತ್ತಿದ್ದಾಗ ಇದ್ದಕ್ಕಿದ್ದಂತೆ, "ನಂಗೆ ನಿನ್ ಮೇಲೆ ಸಿಟ್ಟದೆ" ಎಂದರು.

"ಗೊತ್ತು ಅತ್ತೆ. ಅಷ್ಟು ಜನರ ಮುಂದೆ ಹಾಗೆ ಮಾಡಬಾರದಿತ್ತು. ಬೇರೆ ದಾರಿ ಹೊಳೀಲಿಲ್ಲ."

"ಅದ್ಕಲ್ಲ."

ಕೈ ನಿಲ್ಲಿಸಿ ತಲೆಯೆತ್ತಿದೆ. ಅವರು ಕಿಟಕಿಯನ್ನಲ್ಲ, ನನ್ನನ್ನೇ ನೋಡುತ್ತಿದ್ದರು.

"ಮೊದಲ್ನೇ ದಿನ ನೆಲದ್ ಮೇಲೆ ರಕ್ತ ಕಂಡೋಳು ನೀನು. ಅವತ್ತೇ ಯಾಕ್ ಬೈಲಿಲ್ಲ? ಆಯ್ತು ಅತ್ತೆ, ಆಯ್ತು ಅತ್ತೆ ಅಂತ ಅದಿನಾರ್ ದಿನ ಕಾದ್ಬುಟ್ಟೆಯಲ್ಲ." ಅವರ ಗಲ್ಲ ಅದುರುತ್ತಿತ್ತು. "ಊರೋರ್ಗೆಲ್ಲ ನಾನ್ ಬೈತೀನಿ. ನಂಗ್ ಬೈಯಾಕೆ ಮನೇಲ್ ಒಬ್ಳವಳೆ ಅಂದ್ಕೊಂಡಿದ್ದೆ ಕಣಮ್ಮ."

ಕಣ್ಣು ತುಂಬಿ ಗಾಯ ಮಂಜಾಗಿ ಕಾಣತೊಡಗಿತು. ತೋಳಿನಿಂದ ಕಣ್ಣೊರೆಸಿಕೊಂಡು ಹೊಸ ಗಾಜ್ ಬಿಚ್ಚಿದೆ. ಅಷ್ಟರಲ್ಲಿ ಅತ್ತೆ ತಾವೇ ನೋಡಿಕೊಳ್ಳುತ್ತೇನೆಂದು ಮುಂದಕ್ಕೆ ಬಾಗಿ, ತೊಳೆದ ಗಾಯದ ಕಡೆಗೆ ಬೆರಳು ಚಾಚಿದರು.

"ಮುಟ್ಟಬೇಡಿ! ಎಷ್ಟು ಸಲ ಹೇಳಬೇಕು ನಿಮಗೆ? ಕೈ ಹಿಂದಕ್ಕೆ ತಗೊಂಡು ಸುಮ್ಮನೆ ಕೂತ್ಕೊಳ್ಳಿ" ಎಂದು, ಲ್ಯಾಬಿನ ಹುಡುಗರಿಗೆ ಗದರುವ ಗಂಟಲಿನಲ್ಲಿ ಗದರಿಬಿಟ್ಟೆ. ಪಕ್ಕದ ಕೋಣೆಯಿಂದ ಯಜಮಾನರು ಹೆದರಿ ಓಡಿಬಂದರು.

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. "ಆಯ್ತು" ಎಂದು, ಕಾಲನ್ನು ಇನ್ನಷ್ಟು ನನ್ನ ತೊಡೆಯ ಮೇಲಕ್ಕೆ ಚಾಚಿದರು.